ಶಿಫಾರಸು ಪತ್ರವೂ ನೂರು ಪರ್ಸೆಂಟ್ ತೇವಾಂಶವೂ

ಹೊಗಳುವ ಕಲೆ ಕೆಲವರಿಗೆ ಹುಟ್ಟಿನಿಂದಲೇ ಬಂದಿರುತ್ತದೆ. ಅಂಥವರು ಮದುವೆಮನೆಯಲ್ಲಿ ಊಟಕ್ಕೆ ಕುಳಿತರೆ ಹೋಳಿಗೆ ಎಲೆಗೆ ಬೀಳುವ ಮೊದಲೇ ಅಡುಗೆಯವರನ್ನು ಕರೆಸಿ ಬೆನ್ನು ತಟ್ಟುತ್ತಾರೆ. ಪಕ್ಕದ ಮನೆಯ ಮಗು ಗೋಡೆಯ ಮೇಲೆ ಗೀಚಿದ್ದನ್ನು ಕಂಡು ಚಿತ್ರಕಲೆಯ ಭವಿಷ್ಯ ನುಡಿಯುತ್ತಾರೆ. ನನಗೆ ಆ ಕಲೆ ದಕ್ಕಲಿಲ್ಲ. ನನ್ನ ಬಾಯಿಂದ ಬರುವ ಅತಿ ದೊಡ್ಡ ಮೆಚ್ಚುಗೆ ಎಂದರೆ ‘ಪರವಾಗಿಲ್ಲ’. ಮದುವೆಯಾದ ಹೊಸತರಲ್ಲಿ ನನ್ನ ಹೆಂಡತಿ ಶಾರದಾ ಹುರುಳಿಕಾಳಿನ ಬಸ್ಸಾರು ಮಾಡಿ, ನಾನು ಎರಡನೆಯ ಮುದ್ದೆ ಮುಗಿಸುವವರೆಗೂ ಕಾದು, ಹೇಗಿದೆ ಎಂದು ಕೇಳಿದಳು. ನಾನು ಮನಸಾರೆ, ಹೃದಯ ತುಂಬಿ, ‘ಪರವಾಗಿಲ್ಲ’ ಎಂದೆ. ಆಮೇಲೆ ಒಂದು ವಾರ ನಮ್ಮ ಮನೆಯಲ್ಲಿ ತಿಳಿಸಾರು. ಆಕೆ ಪ್ರೈಮರಿ ಶಾಲೆಯ ಟೀಚರು. ಮಕ್ಕಳ ಸ್ಲೇಟಿನ ಮೇಲೆ ದಿನಕ್ಕೆ ಐವತ್ತು ಸಲ ‘ಭೇಷ್’ ಎಂದು ಬರೆಯುವವಳು. ಇಂಥ ಕಂಜೂಸ್ ಬಾಯಿಯವನ ಜೊತೆ ಬಾಳುವುದು ಅವಳಿಗೆ ಎಷ್ಟು ಕಷ್ಟವಾಗಿರಬೇಕು ಎಂದು ನನಗೀಗ ಅರ್ಥವಾಗುತ್ತದೆ.

ಇಂಥವನಿಗೆ ಪ್ರಾಣಿಶಾಸ್ತ್ರದ ಪಾಠ ಹೇಳುವ ಕೆಲಸ ಸಿಕ್ಕಿತು. ಮನೆ ಚಿಕ್ಕಬಳ್ಳಾಪುರದಲ್ಲಿ, ಕಾಲೇಜು ಶಿಡ್ಲಘಟ್ಟದ ಕಡೆ. ದಿನಾ ಬೆಳಿಗ್ಗೆ ಬಸ್ಸು. ಪಾಠ ಹೇಳುವುದು ಹೇಗೋ ನಡೆದುಹೋಗುತ್ತದೆ. ಆದರೆ ಮೇಷ್ಟರ ತಲೆಗೆ ಇನ್ನೊಂದು ಕೆಲಸವನ್ನೂ ಕಟ್ಟಿರುತ್ತಾರೆ. ಅದು ವಿದ್ಯಾರ್ಥಿಗಳ ಬಗ್ಗೆ ಒಳ್ಳೆಯ ಮಾತು ಬರೆದುಕೊಡುವುದು. ಇದಕ್ಕೆಂದೇ ನನ್ನ ಕಂಪ್ಯೂಟರಿನಲ್ಲಿ ಒಂದು ಫೈಲಿದೆ. ಇಂಗ್ಲಿಷಿನಲ್ಲಿರುವ ಅದರ ತಾತ್ಪರ್ಯ ಇಷ್ಟೇ: ಈ ಅಭ್ಯರ್ಥಿಯನ್ನು ನಾನು ಬಲ್ಲೆ, ನನಗೆ ತಿಳಿದ ಮಟ್ಟಿಗೆ ಗುಣನಡತೆ ಉತ್ತಮ, ಶ್ರಮಜೀವಿ, ಮುಂದಿನ ಪ್ರಯತ್ನಗಳಲ್ಲಿ ಯಶಸ್ಸು ಕೋರುತ್ತೇನೆ. ಹೆಸರು ಬದಲಾಯಿಸಿ ಸಹಿ ಹಾಕಿದರೆ ಮುಗಿಯಿತು. ಒಂದು ಸಲ ಹೆಸರು ಬದಲಾಯಿಸುವುದನ್ನೂ ಮರೆತೆ. ಮಂಜುನಾಥ ಎಂಬ ದಪ್ಪ ಮೀಸೆಯ ಹುಡುಗ ‘ಕುಮಾರಿ ಲಕ್ಷ್ಮೀದೇವಿಯ ಗುಣನಡತೆ ಉತ್ತಮ’ ಎಂಬ ಪತ್ರ ಹಿಡಿದುಕೊಂಡು ಕಾರ್ಖಾನೆಯೊಂದರ ಸಂದರ್ಶನಕ್ಕೆ ಹೋಗಿ ಕೆಲಸ ಗಿಟ್ಟಿಸಿಕೊಂಡು ಬಂದ. ಈ ಪತ್ರಗಳನ್ನು ಭೂಮಿಯ ಮೇಲೆ ಯಾರೂ ಓದುವುದಿಲ್ಲ ಎಂಬ ನಂಬಿಕೆ ನನ್ನಲ್ಲಿ ಗಟ್ಟಿಯಾದದ್ದು ಅಂದೇ.

ಹೋದ ವರ್ಷ ಅವರೆಕಾಯಿ ಕಾಲದಲ್ಲಿ ಅನುಷಾ ಬಂದಳು. ಮೇಲೂರಿನ ಹುಡುಗಿ, ಅಪ್ಪ ಅಮ್ಮ ಹಿಪ್ಪುನೇರಳೆ ತೋಟ ಇಟ್ಟುಕೊಂಡು ರೇಷ್ಮೆ ಹುಳು ಸಾಕುವವರು. ಬಿ.ಎಸ್ಸಿ.ಯನ್ನು ನನ್ನ ಕೈಕೆಳಗೆ ಓದಿ, ಎಂ.ಎಸ್ಸಿ. ಬೇರೆ ಕಡೆ ಮುಗಿಸಿದ್ದಳು. ಈಗ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ರೇಷ್ಮೆ ಹುಳುವಿನ ರೋಗಗಳ ಮೇಲೆ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದ್ದಳು. ಎರಡು ಶಿಫಾರಸು ಪತ್ರ ಬೇಕಂತೆ. ಒಂದನ್ನು ಎಂ.ಎಸ್ಸಿ.ಯ ಮೇಷ್ಟರು ಕೊಡುತ್ತಾರೆ. ಇನ್ನೊಂದು ಅವಳನ್ನು ಹೆಚ್ಚು ಕಾಲ ನೋಡಿದವರಿಂದ ಬರಬೇಕು.

“ಸಾರ್, ಈ ಸಲ ಆಗ್ಲಿಲ್ಲ ಅಂದ್ರೆ ಚಿಂತಾಮಣೀಲಿ ಬಿ.ಎಡ್‌ಗೆ ಸೇರಿಸ್ತೀನಿ ಅಂದವ್ರೆ ನಮ್ಮಪ್ಪ. ಫಾರಂ ತಂದು ದೇವ್ರ ಫೋಟೋ ಹಿಂದೆ ಇಟ್ಟವ್ರೆ” ಎಂದಳು. ಬಿ.ಎಡ್. ಕೆಟ್ಟದ್ದೇನಲ್ಲ, ನಮ್ಮ ಮನೆ ನಡೆಯುತ್ತಿರುವುದರಲ್ಲಿ ಅರ್ಧ ಪಾಲು ಶಾರದಾ ಮಾಡಿದ ಬಿ.ಎಡ್.ನದ್ದೇ. ಆದರೆ ಆ ಹುಡುಗಿಗೆ ಬೇಕಾದದ್ದು ಅದಲ್ಲ. ಅದು ಅವಳ ಮುಖದಲ್ಲಿ ಬರೆದಿತ್ತು.

ನಾನು ನಮ್ಮ ಕಡೆಯ ಮೇಷ್ಟರುಗಳೆಲ್ಲ ಹೇಳುವ ಮಾತನ್ನೇ ಹೇಳಿದೆ. “ಅದಕ್ಕೇನಂತೆ, ನೀನೇ ಬರ್ಕೊಂಡು ಬಾರಮ್ಮ, ಸೈನ್ ಹಾಕ್ಕೊಡ್ತೀನಿ.” ಇದರಲ್ಲಿ ಇಬ್ಬರಿಗೂ ಅನುಕೂಲ. ಮೇಷ್ಟರಿಗೆ ಬರೆಯುವ ಶ್ರಮ ತಪ್ಪುತ್ತದೆ. ವಿದ್ಯಾರ್ಥಿ ತನ್ನನ್ನು ತಾನು ಆಕಾಶಕ್ಕೇರಿಸಿಕೊಳ್ಳುತ್ತಾನೆ. ಹಿಂದೊಬ್ಬ ತನ್ನ ಬಗ್ಗೆ ತಾನೇ ‘ಇಂಥ ಪ್ರತಿಭೆಯನ್ನು ನನ್ನ ಇಡೀ ಜೀವಮಾನದಲ್ಲಿ ಕಂಡಿಲ್ಲ’ ಎಂದು ಬರೆದುಕೊಂಡು ಬಂದಿದ್ದ. ಅವನು ನನ್ನ ಪರೀಕ್ಷೆಯಲ್ಲೇ ಎರಡು ಸಲ ಫೇಲಾಗಿದ್ದವನು. ನಾನು ಸಹಿ ಹಾಕಿದ್ದೆ.

ಅನುಷಾ ಎರಡು ದಿನ ಬಿಟ್ಟು ಒಂದು ಹಾಳೆ ತಂದಳು. ಅದರಲ್ಲಿ ಮೂರೇ ಸಾಲು. ಇವಳು ತರಗತಿಗೆ ಸರಿಯಾಗಿ ಬರುತ್ತಿದ್ದಳು. ಲೈಬ್ರರಿ ಪುಸ್ತಕಗಳನ್ನು ಹಿಂದಿರುಗಿಸಿದ್ದಾಳೆ. ಒಂದು ಬೀಕರ್ ಒಡೆದಿದ್ದಾಳೆ.

“ಇದೇನಮ್ಮ, ಬೀಕರ್ ಯಾಕೆ ಬರ್ದೆ?”

“ಒಡೆದಿದ್ದು ನಿಜ ಅಲ್ವಾ ಸಾರ್. ನನ್ ಬಗ್ಗೆ ನಾನೇ ಒಳ್ಳೇದು ಹೆಂಗ್ ಬರ್ಕೊಳ್ಲಿ? ಪೆನ್ನೇ ಓಡ್ಲಿಲ್ಲ.”

ಅಷ್ಟರಲ್ಲಿ ಆ ಸಂಸ್ಥೆಯಿಂದ ನನಗೆ ಮಿಂಚಂಚೆ ಬಂತು. ಕೊಂಡಿ ಒತ್ತಿದರೆ ಒಂದು ಉದ್ದನೆಯ ನಮೂನೆ ತೆರೆದುಕೊಂಡಿತು. ಈ ಅಭ್ಯರ್ಥಿ ನೀವು ಕಲಿಸಿದವರಲ್ಲಿ ಮೊದಲ ಶೇಕಡಾ ಐದರೊಳಗೆ ಬರುತ್ತಾರೆಯೇ, ಹತ್ತರೊಳಗೆ ಬರುತ್ತಾರೆಯೇ? ಸ್ವತಂತ್ರವಾಗಿ ಯೋಚಿಸಿದ ಒಂದು ಪ್ರಸಂಗವನ್ನು ವಿವರವಾಗಿ ಬರೆಯಿರಿ. ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ: ಎಲ್ಲರಿಗೂ ಹೊಂದುವಂಥ ಸಿದ್ಧ ಪತ್ರಗಳನ್ನು ಪರಿಗಣಿಸುವುದಿಲ್ಲ. ಯಾರೋ ನನ್ನ ಕಂಪ್ಯೂಟರಿನೊಳಗೆ ಇಣುಕಿ ಬರೆದಂತಿತ್ತು. ಕೊನೆಗೊಂದು ಕಡೆ ಶಿಫಾರಸು ಮಾಡುವವರ ಅತ್ಯುನ್ನತ ಪದವಿ ಯಾವುದು ಎಂಬ ಪ್ರಶ್ನೆಯೂ ಇತ್ತು. ನಾನು ಅಲ್ಲಿ ಎಂ.ಎಸ್ಸಿ. ಎಂದು ತುಂಬಿದೆ.

ಇಲ್ಲೊಂದು ಹಳೆಯ ಮಾತು ಹೇಳಬೇಕು. ನನಗೂ ಒಂದು ಕಾಲದಲ್ಲಿ ಪಿಎಚ್.ಡಿ. ಮಾಡುವ ಆಸೆಯಿತ್ತು. ನನ್ನ ಪ್ರೊಫೆಸರರ ಮುಂದೆ ಕೈಕಟ್ಟಿ ನಿಂತು ಒಂದು ಪತ್ರ ಕೇಳಿದ್ದೆ. ಅವರು ಒಳ್ಳೆಯವರು, ಕೂಡಲೇ ಟೈಪ್ ಮಾಡಿಸಿ ಕೊಟ್ಟರು. ಈ ಅಭ್ಯರ್ಥಿಯನ್ನು ನಾನು ಬಲ್ಲೆ, ನನಗೆ ತಿಳಿದ ಮಟ್ಟಿಗೆ ಗುಣನಡತೆ ಉತ್ತಮ, ಶ್ರಮಜೀವಿ. ನನಗೆ ಸೀಟು ಸಿಗಲಿಲ್ಲ. ಪತ್ರದಿಂದಲೇ ಸಿಗಲಿಲ್ಲ ಎಂದು ಹೇಳಲಾರೆ; ನನ್ನ ಅಂಕಗಳೂ ಅದಕ್ಕೆ ಕೈಜೋಡಿಸಿದ್ದವು. ಆದರೆ ಮೇಷ್ಟರಾದ ಮೇಲೆ ಮೊದಲ ಸಲ ಯಾರೋ ಪತ್ರ ಕೇಳಿದಾಗ, ನಾನು ಕಂಡಿದ್ದದ್ದು ಅದೊಂದೇ ಪತ್ರವಾದ್ದರಿಂದ, ಟ್ರಂಕಿನಿಂದ ತೆಗೆದು ಅದನ್ನೇ ನಕಲು ಮಾಡಿದ್ದೆ. ನನಗೆ ಯಾವ ಬಾಗಿಲನ್ನೂ ತೆರೆಯದ ಆ ಕಾಗದವನ್ನು ಅಷ್ಟು ವರ್ಷ ಎಷ್ಟು ಮಕ್ಕಳ ಕೈಗೆ ಕೊಟ್ಟು ಕಳಿಸಿದ್ದೆನೋ. ಆ ನಮೂನೆಯ ಮುಂದೆ ಕುಳಿತಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಆದ್ದರಿಂದ ಈ ಹುಡುಗಿಗೆ ನಾನೇ ಬರೆಯಬೇಕು ಎಂದು ತೀರ್ಮಾನಿಸಿದೆ. ಸ್ವತಂತ್ರವಾಗಿ ಯೋಚಿಸಿದ ಪ್ರಸಂಗ ಯಾವುದು? ಹುಡುಕಬೇಕಾಗಿಯೇ ಇರಲಿಲ್ಲ, ಅದು ನಾನು ನಾಲ್ಕು ವರ್ಷದಿಂದ ಮರೆಯಲು ಯತ್ನಿಸುತ್ತಿದ್ದ ಪ್ರಸಂಗ.

ನಮ್ಮ ಪ್ರಯೋಗಶಾಲೆಯ ಗೋಡೆಯ ಮೇಲೆ ತೇವಾಂಶ ಅಳೆಯುವ ಒಂದು ಹಲಗೆ ಇದೆ. ಅದರಲ್ಲಿ ಎರಡು ಥರ್ಮಾಮೀಟರ್. ಒಂದರ ಬುಡ ಒಣಗಿರುತ್ತದೆ. ಇನ್ನೊಂದರ ಬುಡಕ್ಕೆ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನ ಪುಟ್ಟ ಸೀಸೆಯಲ್ಲಿ ಇಳಿಬಿಟ್ಟಿರುತ್ತಾರೆ. ನೀರು ಆರಿದಷ್ಟೂ ಎರಡನೆಯದು ತಣ್ಣಗಾಗುತ್ತದೆ. ಎರಡರ ವ್ಯತ್ಯಾಸ ನೋಡಿ ಕೋಷ್ಟಕದಲ್ಲಿ ತೇವಾಂಶ ಹುಡುಕಬೇಕು. ನಮ್ಮ ಹಲಗೆಯಲ್ಲಿ ಎರಡೂ ಯಾವಾಗಲೂ ಒಂದೇ ತೋರಿಸುತ್ತಿದ್ದವು. ವ್ಯತ್ಯಾಸ ಸೊನ್ನೆ. ಕೋಷ್ಟಕದ ಪ್ರಕಾರ ಸೊನ್ನೆ ಎಂದರೆ ತೇವಾಂಶ ನೂರು ಪರ್ಸೆಂಟ್. “ಬರ್ಕೊಳ್ಳಿ, ನೂರು” ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಹೊರಗಿನಿಂದ ಬಂದ ಪರೀಕ್ಷಕರು ಅದಕ್ಕೆ ಟಿಕ್ ಹಾಕುತ್ತಿದ್ದರು. ಹೀಗೆ ಹನ್ನೊಂದು ವರ್ಷ ಶಿಡ್ಲಘಟ್ಟದ ಗಾಳಿ ನಮ್ಮ ರೆಕಾರ್ಡ್ ಪುಸ್ತಕಗಳಲ್ಲಿ ತೊಟ್ಟಿಕ್ಕುತ್ತಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ನಾನು ಎಂದಿನಂತೆ ನೂರು ಎಂದಾಗ, ಅನುಷಾ ಎದ್ದು ನಿಂತಳು.

“ಸಾರ್, ನೂರು ಅಂದ್ರೆ ಗೋಡೆ ಮೇಲೆ ನೀರು ಇಳೀಬೇಕಲ್ವಾ? ನಿಮ್ ತುಟಿನೇ ಒಡೆದೈತೆ. ನಮ್ಮ ಹುಳದ ಮನೇಲಿ ಎಂಬತ್ತೈದು ದಾಟಿದ್ರೆ ನಮ್ಮಪ್ಪ ಕಿಟಕಿಯೆಲ್ಲ ತೆಗೀತಾರೆ. ನೂರಾದ್ರೆ ಒಂದು ಹುಳಾನೂ ಉಳಿಯಲ್ಲ.”

ಮೂವತ್ತು ಜನ ನನ್ನ ತುಟಿ ನೋಡಿದರು. ನಾನು ತುಟಿ ಮುಚ್ಚಿಕೊಂಡು, “ಕೋಷ್ಟಕ ನೋಡಮ್ಮ, ಕೂತ್ಕೋ” ಎಂದೆ. ಅವಳು ಕುಳಿತಳು. ತರಗತಿ ಬಿಟ್ಟ ಮೇಲೆ ನಮ್ಮ ಅಟೆಂಡರ್ ಪಿಳ್ಳಪ್ಪನನ್ನು ಹಿಡಿದು ಸೀಸೆಯಲ್ಲಿ ನೀರು ಯಾಕಿಲ್ಲ ಎಂದು ವಿಚಾರಿಸಿದಳಂತೆ. ಪಿಳ್ಳಪ್ಪ ಹೆಮ್ಮೆಯಿಂದಲೇ ಹೇಳಿದನಂತೆ: “ನೀರಿದ್ರೆ ಪಾಚಿ ಕಟ್ಟುತ್ತಮ್ಮ. ಸೇರಿದಾಗಿಂದ ನಾನು ತೊಳ್ದು ಒರೆಸಿ ಒಣಗ್ಸಿ ಇಡ್ತಾ ಇದೀನಿ.” ನೀರು ಹಾಕುವುದು ಅವನ ಕೆಲಸ ಎಂದು ನಾನು, ಬೇಕಾದರೆ ಸಾರ್ ಹೇಳುತ್ತಾರೆ ಎಂದು ಅವನು, ಇಬ್ಬರೂ ಒಬ್ಬರನ್ನೊಬ್ಬರು ಪೂರ್ತಿ ನಂಬಿಕೊಂಡು ಹನ್ನೊಂದು ವರ್ಷ ಕಳೆದಿದ್ದೆವು.

ಮರುದಿನ ಅವಳು ಹೊಸ ಬತ್ತಿ ತಂದು ಸುತ್ತಿ ನೀರು ಹಾಕಿದಳು. ಸ್ವಲ್ಪ ಹೊತ್ತಿಗೆಲ್ಲ ತೇವಾಂಶ ನಲವತ್ತೆರಡಕ್ಕೆ ಇಳಿದು ಕೂತಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಎರಡು ತಿಂಗಳು ಬೆಳಿಗ್ಗೆ ಸಂಜೆ ಕಾಲೇಜಿನಲ್ಲೂ ಮನೆಯಲ್ಲೂ ಲೆಕ್ಕ ಬರೆದಳು. ಅವರ ಹುಳದ ಮನೆಯಲ್ಲೂ ಇಂಥದೇ ಒಂದು ಹಲಗೆಯಿತ್ತು; ಅದರಲ್ಲಿ ನೀರಿತ್ತು, ಆದರೂ ಅದು ಇರಬೇಕಾದ್ದಕ್ಕಿಂತ ಹೆಚ್ಚು ತೇವ ತೋರಿಸುತ್ತಿತ್ತು. ಕಾರಣ ಹುಡುಕಿದಳು. ನಮ್ಮ ಕಡೆಯ ಬೋರ್‌ವೆಲ್ ನೀರು ಎಷ್ಟು ಗಡಸು ಎಂದರೆ ಬತ್ತಿಯ ಮೇಲೆ ಉಪ್ಪು ಕಟ್ಟಿ, ನೀರು ಸರಿಯಾಗಿ ಆರುತ್ತಲೇ ಇರಲಿಲ್ಲ. ಕುಡಿಯುವ ಕ್ಯಾನ್ ನೀರು ಹಾಕಿ, ಹೊಸ ಬತ್ತಿ ಸುತ್ತಿ, ಹಳೆಯದರ ಪಕ್ಕದಲ್ಲೇ ಇಟ್ಟು ಹೋಲಿಸಿದಳು. ಹುಳದ ಮನೆಯಲ್ಲಿ ಸಾಕಷ್ಟು ತೇವವಿದೆ ಎಂದು ಅವರಪ್ಪ ನೆಮ್ಮದಿಯಾಗಿದ್ದ ದಿನಗಳಲ್ಲಿ ಹುಳುಗಳು ಒಣಗುತ್ತಿದ್ದವು ಎಂದು ತೋರಿಸಿದಳು. ಇದೆಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದು ನನ್ನ ಮೇಜಿನ ಮೇಲೆ ಇಟ್ಟಳು. ನಾನು ಓದಿ ಕೊನೆಯ ಪುಟದಲ್ಲಿ ‘ಪರವಾಗಿಲ್ಲ’ ಎಂದು ಬರೆದೆ. ಮುಂದಿನ ವರ್ಷದಿಂದ ಸೀಸೆಗೆ ನೀರು ಹಾಕಿಸತೊಡಗಿದೆ. ಯಾಕೆ ಎಂದಾಗಲಿ, ಯಾರು ಹೇಳಿಕೊಟ್ಟದ್ದು ಎಂದಾಗಲಿ ಯಾವ ತರಗತಿಗೂ ಹೇಳಲಿಲ್ಲ.

ಇದಕ್ಕಿಂತ ಒಳ್ಳೆಯ ಪ್ರಸಂಗ ಯಾವ ಪಿಎಚ್.ಡಿ. ಅರ್ಜಿಗೆ ಸಿಕ್ಕೀತು? ತೊಂದರೆ ಏನೆಂದರೆ, ಹುಡುಗಿ ಎಷ್ಟು ಚುರುಕು ಎಂದು ತೋರಿಸಬೇಕಾದರೆ ಮೇಷ್ಟರು ಎಷ್ಟು ಮಂಕು ಎಂದೂ ತೋರಿಸಬೇಕಿತ್ತು. ಮೊದಲ ಕರಡಿನಲ್ಲಿ ನಾನು ‘ವಾತಾವರಣದ ತೇವಾಂಶದ ಬಗ್ಗೆ ಈಕೆ ವಿಶೇಷ ಆಸಕ್ತಿ ತೋರಿದಳು’ ಎಂದಷ್ಟೇ ಬರೆದೆ. ಶಾರದಾ ಓದಿ, “ಏನ್ರೀ, ಹವಾಮಾನ ಇಲಾಖೆಗೆ ಸೇರಿಸ್ತಿದ್ದೀರಾ ಆ ಹುಡುಗೀನ?” ಎಂದಳು. ಎರಡನೆಯದರಲ್ಲಿ ಸ್ವಲ್ಪ ಧೈರ್ಯ ಮಾಡಿ ‘ಹಿರಿಯ ಉಪನ್ಯಾಸಕರೊಬ್ಬರು ಮಾಡಿದ್ದ ಸಣ್ಣ ಲೋಪವನ್ನು ಗುರುತಿಸಿದಳು’ ಎಂದು ಸೇರಿಸಿದೆ.

“ಯಾರು ಆ ಹಿರಿಯ ಉಪನ್ಯಾಸಕರು?”

“ಇದಾರೆ ಒಬ್ರು.”

“ನಿಮ್ ಕಾಲೇಜಲ್ಲಿ ಪ್ರಾಣಿಶಾಸ್ತ್ರಕ್ಕೆ ಇರೋದೇ ನೀವೊಬ್ರು” ಎಂದು ಹೇಳಿ ಅವಳು ಒಗ್ಗರಣೆ ಹಾಕಲು ಹೋದಳು.

ನಾನು ಇನ್ನೂ ಮೀನಮೇಷ ಎಣಿಸುತ್ತಿದ್ದಾಗ ಅನುಷಾಳ ತಾಯಿ ಮುನಿರತ್ನಮ್ಮನೇ ಕಾಲೇಜಿಗೆ ಬಂದರು. ಒಂದು ಚೀಲ ಅವರೆಕಾಯಿ ತಂದು ಮೇಜಿನ ಕೆಳಗೆ ಇಟ್ಟು, ಸೆರಗು ಸರಿಮಾಡಿಕೊಂಡು, ಕೂರಿ ಎಂದರೂ ಕೂರದೆ ನಿಂತರು. ಮಗಳ ಬಗ್ಗೆ ಚೆನ್ನಾಗಿ ಬರೆಯಿರಿ ಎಂದು ಕೇಳಲು ಬಂದಿದ್ದಾರೆ ಎಂದುಕೊಂಡು, “ಯೋಚ್ನೆ ಮಾಡ್ಬೇಡಿ ಅಮ್ಮ, ನಿಮ್ಮ ಮಗಳಷ್ಟು ಬುದ್ಧಿವಂತೆ ಇನ್ನೊಬ್ಳಿಲ್ಲ ಅಂತ ಬರೀತೀನಿ” ಎಂದೆ. ಹೊಗಳಿಕೆಯಲ್ಲಿ ಅದು ನನ್ನ ಮೊದಲ ಪ್ರಯತ್ನ.

ಆಕೆಗೆ ಗಾಬರಿಯಾಯಿತು. ಗಾಬರಿಯಲ್ಲಿ ತೆಲುಗೇ ಮೊದಲು ಬಂತು. “ವದ್ದು ಸಾರ್, ಬೇಡಿ ಸಾರ್. ಅದನ್ನೇ ಹೇಳಣ ಅಂತ ಬಂದೆ. ಗೂಡು ಮಾರ್ಕೆಟ್ ಸೇರೋವರ್ಗೂ ನಾವು ಹುಳ ಚೆನ್ನಾಗೈತೆ ಅನ್ನಲ್ಲ. ಬಂದೋರೂ ಅನ್ನಂಗಿಲ್ಲ. ಕಣ್ ಬೀಳ್ತದೆ. ನೀವು ಅಷ್ಟ್ ದೊಡ್ಡೋರ ಕೈಗೆ ಹೋಗೋ ಕಾಗ್ದದಾಗೆ ಹೊಗಳ್ಬಿಟ್ರೆ ನನ್ ಮಗೀಗೆ ಏನಾದ್ರೂ ಆದ್ರೆ?”

“ಹೊಗಳ್ದೆ ಇದ್ರೆ ಸೀಟು ಸಿಗಲ್ವಲ್ಲಮ್ಮ.”

ಆಕೆ ಸ್ವಲ್ಪ ಯೋಚಿಸಿದರು. “ನಡೆದಿದ್ದು ಬರೀರಿ. ಏನ್ ಮಾಡಿದ್ಲೋ ಅಷ್ಟು. ಒಳ್ಳೇದು ಕೆಟ್ಟದ್ದು ಓದೋರು ಹೇಳ್ಕೊಳ್ಲಿ.”

ಇಪ್ಪತ್ತು ವರ್ಷ ಮೇಷ್ಟರಾಗಿದ್ದವನಿಗೆ ಶಿಫಾರಸು ಪತ್ರ ಬರೆಯುವುದು ಹೇಗೆ ಎಂದು ಆಕೆ ನಿಂತುಕೊಂಡೇ ಹೇಳಿಕೊಟ್ಟು ಮೇಲೂರಿನ ಬಸ್ಸಿಗೆ ಹೋದರು. ಹೊಗಳಲು ಬಾರದವನಿಗೆ ಇದಕ್ಕಿಂತ ಅನುಕೂಲದ ಅಪ್ಪಣೆ ಬೇಕೆ? ಆ ಸಂಜೆಯೇ ಕುಳಿತು ಬರೆದೆ. ನಾನು ಹನ್ನೊಂದು ವರ್ಷ ತಪ್ಪು ಹೇಳಿಕೊಟ್ಟೆ. ಸೀಸೆಯಲ್ಲಿ ನೀರಿದೆಯೇ ಎಂದು ಒಮ್ಮೆಯೂ ಬಗ್ಗಿ ನೋಡಲಿಲ್ಲ. ಈಕೆ ಕೇಳಿದಳು, ನಾನು ಕೂರು ಎಂದೆ. ಈಕೆ ನೀರು ಹಾಕಿದಳು, ಎರಡು ತಿಂಗಳು ಅಳೆದಳು, ತನ್ನ ಮನೆಯ ಬತ್ತಿಯನ್ನೂ ಅನುಮಾನಿಸಿದಳು. ನಾನು ಅವಳ ನೋಟ್‌ಬುಕ್ಕಿನಲ್ಲಿ ಒಂದೇ ಪದ ಬರೆದೆ. ಅದು ಸಾಲದು ಎಂದು ಈಗ ಗೊತ್ತಾಗಿದೆ. ಬೀಕರ್ ಒಡೆದದ್ದನ್ನೂ ಸೇರಿಸಿದೆ, ಅವಳ ಆಸೆ ಇರಲಿ ಎಂದು. ಇಡೀ ಪತ್ರದಲ್ಲಿ ಅವಳನ್ನು ಹೊಗಳುವ ಒಂದು ವಿಶೇಷಣವೂ ಇರಲಿಲ್ಲ. ನನ್ನನ್ನು ಬೈಯುವಂಥವು ಧಾರಾಳವಾಗಿದ್ದವು. ಶಾರದಾ ಎರಡು ಸಲ ಓದಿ, ನನ್ನ ತಲೆಯ ಮೇಲೆ ಕೈಯಿಟ್ಟು ಹೋದಳು. ಅವಳು ಸ್ಲೇಟಿನ ಮಕ್ಕಳಿಗೆ ಮಾಡುವುದು ಹಾಗೆಯೇ.

ಕಳಿಸುವ ಗುಂಡಿ ಒತ್ತಿದ ಮೇಲೆ ಭಯಗಳು ಒಂದೊಂದಾಗಿ ಬಂದವು. ಇದು ಯೂನಿವರ್ಸಿಟಿಗೆ ಗೊತ್ತಾದರೆ? ಹಳೆಯ ವಿದ್ಯಾರ್ಥಿಗಳೆಲ್ಲ ತಮ್ಮ ರೆಕಾರ್ಡ್ ಪುಸ್ತಕ ಹಿಡಿದು ಮನೆ ಮುಂದೆ ಬಂದರೆ? ಅದಕ್ಕಿಂತ ದೊಡ್ಡ ಭಯ ಬೇರೆಯಿತ್ತು. ಇಂಥ ಮೇಷ್ಟರ ಕೈಯಲ್ಲಿ ಕಲಿತ ಹುಡುಗಿಗೆ ಏನು ಬಂದೀತು ಎಂದು ಅವರು ಅರ್ಜಿಯನ್ನೇ ಪಕ್ಕಕ್ಕಿಟ್ಟರೆ, ಆ ಬಿ.ಎಡ್. ಫಾರಂ ದೇವರ ಹಿಂದಿನಿಂದ ಹೊರಗೆ ಬರುತ್ತದೆ. ಬಂದರೆ ಅದು ನನ್ನಿಂದ.

ಮೂರು ವಾರ ಬಿಟ್ಟು ಬೆಂಗಳೂರಿನಿಂದ ಫೋನ್ ಬಂತು. ಆ ಸಂಸ್ಥೆಯ ಪ್ರೊಫೆಸರರು. ಗಂಭೀರವಾದ ಧ್ವನಿ.

“ನಿಮ್ಮ ಪತ್ರ ಓದಿದೆ. ಇದೆಲ್ಲ ನಿಜವಾ? ಹನ್ನೊಂದು ವರ್ಷ?”

“ನಿಜ ಸಾರ್.”

“ಅಷ್ಟು ವರ್ಷ ಯಾರೂ ಕೇಳ್ಲಿಲ್ವಾ?”

“ಇವಳು ಕೇಳಿದ್ಲು ಸಾರ್.”

ಅವರು, “ಒಂದು ನಿಮಿಷ ಇರಿ” ಎಂದರು. ಫೋನನ್ನು ಕೈಯಿಂದ ಮುಚ್ಚಿದ್ದರೂ ನನಗೆ ಸ್ಪಷ್ಟವಾಗಿ ಕೇಳಿಸಿತು: “ರೀ, ನಮ್ಮ ಗೋಡೆ ಮೇಲಿರೋದ್ರಲ್ಲಿ ನೀರಿದೆಯಾ ನೋಡಿ.” ಯಾರೋ ನಡೆದು ಹೋದ ಸದ್ದು, ಯಾರೋ ಏನೋ ಗೊಣಗಿದ ಸದ್ದು. ಪ್ರೊಫೆಸರರು ಮತ್ತೆ ಮಾತಿಗೆ ಬಂದಾಗ ಧ್ವನಿಯಲ್ಲಿ ಗಾಂಭೀರ್ಯ ಸ್ವಲ್ಪ ಇಳಿದಿತ್ತು. ಅಲ್ಲಿ ಏನು ಕಂಡಿತೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಡುಗಿಯನ್ನು ಸಂದರ್ಶನಕ್ಕೆ ಕರೆಯುತ್ತೇವೆ ಎಂದಷ್ಟೇ ಹೇಳಿದರು.

ಅನುಷಾಗೆ ಸೀಟು ಸಿಕ್ಕಿತು. ಅವಳು ಫೋನಿನಲ್ಲಿ ಹೇಳಿದಾಗ ಆದ ಸಂತೋಷ ನನಗೇ ಸಿಕ್ಕಿದ್ದರೂ ಆಗುತ್ತಿರಲಿಲ್ಲವೇನೋ. “ಭೇಷ್ ಕಣಮ್ಮ” ಎಂದೆ. ಪದ ಹೆಂಡತಿಯಿಂದ ಕಡ ತಂದದ್ದು. ಆದರೂ ಸರಾಗವಾಗಿ ಬಂತು. ಕೂಡಲೇ ಅವರಮ್ಮ ಫೋನ್ ಕಿತ್ತುಕೊಂಡು, “ಇನ್ನೂ ಯಾರ್ಗೂ ಹೇಳ್ಬೇಡಿ ಸಾರ್, ಮುಗಿಯಕ್ಕೆ ಇನ್ನೂ ಐದು ವರ್ಷ ಐತೆ” ಎಂದರು.

ಆದರೆ ಇಂಥ ಸುದ್ದಿ ನಿಲ್ಲುತ್ತದೆಯೇ? ಕಾಲೇಜಿನಲ್ಲೆಲ್ಲ ಹರಡಿತು, ಹರಡುತ್ತಾ ಸ್ವಲ್ಪ ರೂಪ ಬದಲಿಸಿತು. ಸಾರ್ ಮಾಡಿದ ತಪ್ಪು ಹಿಡಿದರೆ ಸಾರ್ ಗಟ್ಟಿಯಾದ ಲೆಟರ್ ಕೊಡುತ್ತಾರೆ ಎಂದು ಮಕ್ಕಳು ತಿಳಿದುಕೊಂಡಿದ್ದಾರೆ. ಇಷ್ಟು ವರ್ಷ ಪರೀಕ್ಷೆಯ ಹಿಂದಿನ ದಿನ ಮಾತ್ರ ಬಿಚ್ಚಿಕೊಳ್ಳುತ್ತಿದ್ದ ನನ್ನ ನೋಟ್ಸನ್ನು ಈಗ ಸಾಲು ಸಾಲಾಗಿ ಓದುತ್ತಾರೆ. ಸದಾ ಖಾಲಿಯಿರುತ್ತಿದ್ದ ಮುಂದಿನ ಬೆಂಚಿಗೆ ಪೈಪೋಟಿ. ನಾನು ಏನು ಹೇಳಿದರೂ ಎರಡು ಕೈ ಮೇಲೇಳುತ್ತವೆ. ಪಾಠ ಅರ್ಧಕ್ಕೆ ನಿಲ್ಲುತ್ತದೆ. ಪುಸ್ತಕ ತೆಗೆದು ಎಲ್ಲರೂ ಸೇರಿ ನೋಡುತ್ತೇವೆ. ಮೇಷ್ಟರಾಗಿ ಇಷ್ಟು ಸುಸ್ತೂ ಇಷ್ಟು ಖುಷಿಯೂ ನನಗೆ ಹಿಂದೆಂದೂ ಆಗಿರಲಿಲ್ಲ.

ಹೋದ ವಾರ ಗೌರಿಬಿದನೂರು ಕಡೆಯ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದು, “ಸಾರ್, ನಿಮ್ ನೋಟ್ಸಲ್ಲಿ ಒಂಬತ್ತು ತಪ್ಪು ಸಿಕ್ಕಿದೆ. ಎರಡು ಲೆಟರ್ ಆಗುತ್ತಾ?” ಎಂದು ಒಂದು ಪಟ್ಟಿ ಕೊಟ್ಟ. ಕೂತು ನೋಡಿದೆವು. ಮೂರು ಅವನದೇ ತಪ್ಪು, ಆರು ನನ್ನವು. ಮನೆಯಲ್ಲಿ ಹೇಳಿದರೆ ಶಾರದಾ, “ರಿಟೈರ್ ಆಗಕ್ಕೆ ಇನ್ನೂ ಎಷ್ಟು ವರ್ಷ ಇದೆ ನಿಮ್ಗೆ?” ಎಂದು ಕೇಳಿದಳು. ಒಂಬತ್ತು ಎಂದೆ. “ಹಂಗಾದ್ರೆ ತಾಲ್ಲೂಕಿಗೆ ತಾಲ್ಲೂಕೇ ಡಾಕ್ಟರೇಟ್ ತಗೊಳ್ಳುತ್ತೆ ಬಿಡಿ” ಎಂದಳು.

ಆ ಹುಡುಗ ಹೋದ ಮೇಲೆ ನೋಟ್ಸನ್ನು ತಿದ್ದುತ್ತಾ ಕುಳಿತಿದ್ದಾಗ, ಅವನ ಕಣ್ಣಿಗೂ ಬೀಳದ ಏಳನೆಯ ತಪ್ಪೊಂದು ನನಗೇ ಸಿಕ್ಕಿತು. ಪೆನ್ನು ಅದರ ಮೇಲೆ ಹೋಯಿತು. ಮತ್ತೆ ಹಿಂದಕ್ಕೆ ತೆಗೆದುಕೊಂಡೆ. ಮುಂದಿನ ವರ್ಷ ಬರುವ ಮಕ್ಕಳಿಗೂ ಏನಾದರೂ ಉಳಿಯಬೇಕಲ್ಲ.